ಕೋಟೆಯ ದಳಪತಿ ಸುಟ್ಟ ಕಾಗದ

ಮಾವ, ಕೊರೊನಾದ ಮೊದಲ ವರ್ಷ ನೀವು ಎರಡು ತಿಂಗಳು ಮೊದಲೇ ಊರಿಗೆ ಹೋಗಬಹುದಿತ್ತು. ವಿಶೇಷ ವಿಮಾನದಲ್ಲಿ ನಿಮಗೊಂದು ಸೀಟು ಇದೆ, ಸಂಜೆ ಆರರೊಳಗೆ ಒಪ್ಪಿಗೆ ತಿಳಿಸಿ ಎಂದು ಒಂದು ಭಾನುವಾರ ಬೆಳಿಗ್ಗೆ ರಾಯಭಾರ ಕಚೇರಿಯಿಂದ ನನ್ನ ಮೇಲ್‌ಗೆ ಬಂದಿತ್ತು. ನಾನು ಉತ್ತರ ಕೊಡಲಿಲ್ಲ. ನಿಮಗೆ ಹೇಳಲಿಲ್ಲ — ನಿಮ್ಮ ಮಗನಿಗೂ ಹೇಳಲಿಲ್ಲ.

ಮೂರು ತಿಂಗಳಿಗೆಂದು ಜಪಾನಿಗೆ, ಗ್ಯೋಟೋಕುವಿನ ನಮ್ಮ ಮನೆಗೆ ಬಂದವರು ನೀವು. ವಿಮಾನಗಳು ನಿಂತವು, ಕೆಲಸದ ಮೇಲೆ ಹಮಾಮತ್ಸುವಿಗೆ ಹೋಗಿದ್ದ ನಿಮ್ಮ ಮಗ ಅಲ್ಲೇ ಉಳಿದರು, ನಿಮ್ಮ ಮೊಮ್ಮಗಳು ನಿಧಿಯ ಶಾಲೆ ಮುಚ್ಚಿತು. ನಾನು ಬಾಗಿಲು ಹಾಕಿಕೊಂಡು ಮೀಟಿಂಗ್‌ನಲ್ಲಿ ಕೂತರೆ ಆಚೆ ನೀವು ಅವಳಿಗೆ ಮಗ್ಗಿ ಹೇಳಿಕೊಡುತ್ತಿದ್ದಿರಿ, ಹುಳಿಗೆ ಒಗ್ಗರಣೆ ಹಾಕುತ್ತಿದ್ದಿರಿ. ಪಕ್ಕದ ಕೊಂಬಿನಿ ಅಂಗಡಿಗೆ ಹಾಲು ತರಲು ಹೋದರೆ ತಾನಾಗಿ ತೆರೆಯುವ ಬಾಗಿಲಿಗೂ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಿದ್ದಿರಿ! ನೀವು ಹೋದರೆ ಈ ಮನೆ ಹೇಗಿರುತ್ತದೆ ಎಂದು ಯೋಚಿಸಿದರೇ ನನಗೆ ಭಯವಾಗುತ್ತಿತ್ತು. ಮೈಸೂರಿನಲ್ಲಿ ನಿಮ್ಮಕ್ಕನಿಗೆ ಮರೆವು ಹೆಚ್ಚುತ್ತಿದೆ ಎಂದು ನೀವು ದಿನಾ ಹೇಳುತ್ತಿದ್ದಿರಿ — ಕೇಳಿಸಿಕೊಳ್ಳುತ್ತಲೂ ಇದ್ದೆ — ಆದರೂ ಆ ಮೇಲ್...

ಅದೇ ಮಧ್ಯಾಹ್ನ ಟೀವಿಯಲ್ಲಿ ಆ ರೋಮನ್ ಸಿನಿಮಾ ಬಂತು. ರೋಮ್ ಸಾಮ್ರಾಜ್ಯದ ಉತ್ತರದ ಗಡಿಯಲ್ಲೊಂದು ಕೋಟೆ, ಅಲ್ಲಿ ಇಪ್ಪತ್ತೈದು ವರ್ಷ ಕಾವಲು ಕಾದ ಒಬ್ಬ ಸೈನಿಕ. ಮಾತೆಲ್ಲ ಜಪಾನೀಸಿನಲ್ಲಿ. ಕತ್ತಿವರಸೆ ಬಂದಾಗಲೆಲ್ಲ ನೀವು ‘ಹಾಕು, ಹಾಕು!’ ಎಂದು ಸೋಫಾ ಗುದ್ದುತ್ತಿದ್ದಿರಿ. ನಾನು ಬಟ್ಟೆ ಮಡಿಸುತ್ತ ನಿಮಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಸೈನಿಕನನ್ನು ಮನೆಗೆ ಕಳಿಸಬೇಕೆಂಬ ಕಾಗದ ಬಂತು; ಅದನ್ನು ಮಾತ್ರ ನಾನು ನಿಮಗೆ ಹೇಳಲಿಲ್ಲ. ಕಾಡುದಾರಿಗಳೆಲ್ಲ ಅವನೊಬ್ಬನಿಗೇ ಗೊತ್ತು, ಅವನು ಹೋದರೆ ಕೋಟೆ ನಡೆಯುವುದಿಲ್ಲ ಎಂದು ದಳಪತಿ ಅದನ್ನು ಬೆಂಕಿಗೆ ಹಾಕಿದ.

‘ಏನಮ್ಮಾ ಅದು ಸುಡ್ತಿರೋದು?’ ಎಂದು ಕೇಳಿದಿರಿ.

‘ಯಾವುದೋ ಹಳೇ ಕಾಗದ, ಮಾವ.’

ನಿಧಿಗೆ ಜಪಾನೀಸ್ ನೀರು ಕುಡಿದಷ್ಟು ಸಲೀಸು. ‘ಅಮ್ಮಾ, ದಟ್ಸ್ ನಾಟ್ ವಾಟ್ ಹೀ ಸೆಡ್! ತಾತಾ, ಇಟ್ಸ್ ಹಿಸ್ ಲೆಟರ್. ಹೀ ಕ್ಯಾನ್ ಗೋ ಹೋಮ್!’

‘ಅಯ್ಯೋ ಪಾಪಿ!’ ಎಂದು ನೀವು ದಳಪತಿಗೆ ಬೈದಿರಿ. ‘ಅವನನ್ನ ಒಂದ್ ಮಾತು ಕೇಳಬಾರದಿತ್ತಾ?’ ಆಮೇಲೆ ನನ್ನ ಕಡೆ ತಿರುಗಿದಿರಿ. ‘ನಿಂಗೆ ಕೆಲಸ ಜಾಸ್ತಿ ಆಗಿದೆ ಕಣಮ್ಮ, ತಲೆ ಓಡ್ತಿಲ್ಲ. ಹೋಗಿ ಸ್ವಲ್ಪ ಮಲಕ್ಕೋ, ಬಟ್ಟೆ ನಾನು ಮಡಿಸ್ತೀನಿ.’

ಹೋಗಿ ಮಲಗಿದೆ. ಆರು ಗಂಟೆಗೆ ಇನ್ನೂ ಮೂರು ಗಂಟೆ ಇತ್ತು. ಫೋನ್ ಕೈಯಲ್ಲೇ ಇತ್ತು, ಮಾವ. ಆಚೆ ನೀವು ಮೊಮ್ಮಗಳ ಜೊತೆ ನಗುತ್ತಿದ್ದದ್ದು ಕೇಳಿಸುತ್ತಿತ್ತು... ಆಗಲೂ ನಾನು ಉತ್ತರ ಬರೆಯಲಿಲ್ಲ.

ಎರಡು ತಿಂಗಳಾದ ಮೇಲೆ ಇನ್ನೊಂದು ವಿಮಾನದಲ್ಲಿ ಹೋದಿರಿ. ನಿಮ್ಮಕ್ಕ ನಿಮ್ಮನ್ನು ನೋಡಿ, ‘ಯಾರಪ್ಪಾ ನೀನು? ಊಟ ಆಯ್ತಾ?’ ಎಂದರಂತೆ. ಅದನ್ನು ಫೋನಿನಲ್ಲಿ ನಗುತ್ತಲೇ ಹೇಳಿದಿರಿ. ಆ ಮೇಲ್ ಬಂದ ವಾರ ಅವರು ಫೋನಿನಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆದಿದ್ದರು — ನಾನೇ ಕೇಳಿದ್ದೇನೆ.

ಪ್ರೀತಿಯಿಂದ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇತ್ತು, ಈಗಲೂ ಇದೆ. ಆದರೆ ನಿಮ್ಮಕ್ಕ ನಿಮ್ಮನ್ನು ಗುರುತಿಸುತ್ತಿದ್ದ ಕೊನೆಯ ದಿನಗಳನ್ನು ನಾನು ಕಿತ್ತುಕೊಂಡೆ.

ಬರುವ ತಿಂಗಳು ಮತ್ತೆ ಜಪಾನಿಗೆ ಹೋಗುತ್ತೇನೆ, ನನ್ನ ಸೊಸೆ ಚಿನ್ನದಂಥವಳು ಎಂದು ನೆಂಟರಿಗೆಲ್ಲ ಹೇಳುತ್ತಿದ್ದೀರಂತೆ. ಟಿಕೆಟ್ ತೆಗೆಯುವ ಮೊದಲು ಇದನ್ನು ಓದಿ, ಮಾವ. ಬರುವುದೋ ಬೇಡವೋ, ಈ ಸಲ ನೀವೇ ಹೇಳಿ.