ಮಾಮಿ ಕಾದ ಮನೆ

ಕಳ್ಳರು ನಮ್ಮ ಮನೆಗೆ ಬಂದದ್ದು ಹಾಡಹಗಲಿನಲ್ಲಿ. ಅದೂ ಮನೆಯ ಕ್ಷೇಮಕ್ಕೆಂದು ನಾವು ಸಿಟ್‌ಔಟಿನ ಲೈಟು ಉರಿಸಿಟ್ಟು ಹೋದ ದಿನ.

ಅಂದು ಪೇಟೆಯಲ್ಲಿ, ಹಂಪನಕಟ್ಟೆಯ ಒಂದು ಸಭಾಭವನದಲ್ಲಿ ನೆಂಟರ ಮದುವೆ. ನಾನು, ಪಿಯುಸಿ ಓದುತ್ತಿದ್ದ ಮಗಳು, ನನ್ನ ಅತ್ತೆ, ಮೂವರೂ ಹೊರಟಿದ್ದೆವು. ಗಂಡ ಗಲ್ಫಿನಲ್ಲಿ. ಅತ್ತೆಯನ್ನು ನಾವು ತುಳುವಿನಲ್ಲಿ ಮಾಮಿ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಅತ್ತೆ ಎಂದು ಬರೆದರೆ ಬೇರೆ ಯಾರದೋ ಮನೆಯ ಹೆಂಗಸಿನ ಹಾಗೆ ಕಾಣುತ್ತದೆ. ಊಟ ಮುಗಿಸಿ, ಜವಳಿ ಅಂಗಡಿ ಹೊಕ್ಕು, ಬಸ್ಸು ಹಿಡಿದು ನಮ್ಮ ವಾಮಂಜೂರಿಗೆ ಬರುವಾಗ ಕತ್ತಲಾಗುವುದು ಖಂಡಿತ. ಮುಸ್ಸಂಜೆಗೆ ಮನೆ ಕತ್ತಲಲ್ಲಿ ಬಿದ್ದಿರಬಾರದು ಎಂಬುದು ಮಾಮಿಯ ಶಾಸ್ತ್ರ. ಹಾಗಾಗಿ ಬೀಗ ಹಾಕುವ ಮೊದಲು, ಬೆಳಗಿನ ಸುಡುಬಿಸಿಲಿನಲ್ಲೇ, ಹೊರಗಿನ ಲೈಟು ಅವರೇ ಹಾಕಿದರು. ನಮ್ಮ ಓಣಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹೀಗೆಯೇ.

ಹಿಂತಿರುಗಿ ಬಂದಾಗ ಲೈಟು ಉರಿಯುತ್ತಿತ್ತು, ಮುಂದಿನ ಬೀಗವೂ ಹಾಕಿದ ಹಾಗೆಯೇ ಇತ್ತು. ಒಳಗೆ ಹೋಗಿ ನೋಡಿದರೆ ಹಿಂಬಾಗಿಲು ಹಾರುಹೊಡೆದಿದೆ. ಬಾವಿಕಟ್ಟೆಗೆ ಒರಗಿಸಿಟ್ಟಿದ್ದ ನಮ್ಮದೇ ಹಾರೆಯಿಂದ ಚಿಲಕ ಮೀಟಿದ್ದರು. ಚಿನ್ನ ಅವರಿಗೆ ಸಿಗಲಿಲ್ಲ. ಮದುವೆಗೆ ಹೊರಟ ನಮ್ಮ ಕಡೆಯ ಹೆಂಗಸರು ಕಪಾಟಿನಲ್ಲಿ ಏನನ್ನಾದರೂ ಬಿಟ್ಟು ಹೋಗುವುದುಂಟೇ? ಇದ್ದಬದ್ದದ್ದೆಲ್ಲ ನಮ್ಮ ಕುತ್ತಿಗೆಯಲ್ಲೇ ಇತ್ತು. ಗಂಡನ ಹಳೆಯ ವಾಚು, ಯಾರಿಗೋ ಕೊಡಲೆಂದು ತೆಗೆದಿಟ್ಟಿದ್ದ ಸೆಂಟಿನ ಬಾಟಲಿಗಳು ಹೋದವು. ಫ್ರಿಜ್ಜಿನ ತಣ್ಣೀರು ಕುಡಿದು ಖಾಲಿ ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟಿದ್ದರು, ದರಿದ್ರದವರು. ಸೀರೆಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ. ಮಾಮಿಯ ಹಸಿರು ರೇಷ್ಮೆಯ ಮೇಲೆ ಬಾವಿಕಟ್ಟೆಯ ಕೆಸರಿನ ಹೆಜ್ಜೆ. ಅದನ್ನು ನೋಡಿ ಮಾಮಿ ಮಂಚದ ತುದಿಯಲ್ಲಿ ಕುಳಿತುಬಿಟ್ಟರು.

ಪೊಲೀಸರು ಬಂದು ನೋಡಿದರು, ಫೋಟೋ ತೆಗೆದರು. ಅವರಲ್ಲಿ ವಯಸ್ಸಾದ ಒಬ್ಬರು ಸಿಟ್‌ಔಟಿನಲ್ಲಿ ನಿಂತು, ಈ ಲೈಟು ಯಾವಾಗ ಹಾಕಿದ್ದು ಎಂದು ಕೇಳಿದರು. ಬೆಳಿಗ್ಗೆಯೇ ಎಂದೆ.

“ಹಗಲು ಲೈಟು ಉರಿದ್ರೆ ಮನೆಯಲ್ಲಿ ಜನ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ ಅಮ್ಮ,” ಎಂದರು ಅವರು.

ಬೈಯಲಿಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದ್ದು. ಆದರೆ ಬಾಗಿಲ ಹಿಂದೆ ಮಾಮಿ ನಿಂತಿದ್ದರು. ಕಳ್ಳನಿಗೆ ದೀಪ ಹಿಡಿದು ದಾರಿ ತೋರಿಸಿದ್ದು ತಾನೇ ಎಂದು ಅವರು ಅವತ್ತೇ ತೀರ್ಮಾನ ಮಾಡಿಕೊಂಡರು. ಇಷ್ಟು ವರ್ಷ ಎಲ್ಲರೂ ಹಾಕಿದ್ದಾರೆ, ಅವರ ಮನೆಗೆ ಯಾಕೆ ಬರಲಿಲ್ಲ ಎಂದು ನಾನು ಎಷ್ಟು ವಾದಿಸಿದರೂ ಅವರ ತಲೆಗೆ ಹೋಗಲಿಲ್ಲ.

ಮಾಮಿ ಎಂದರೆ ಯಾರು ಎಂದು ಹೇಳಬೇಕು, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ವಾಮಂಜೂರಿನಲ್ಲಿ ಈಗ ಕಾಲೇಜುಗಳೂ ಮನೆಗಳೂ ಎದ್ದಿರುವ ಕಡೆ ಗದ್ದೆಗಳಿದ್ದಾಗ ಅಲ್ಲಿ ಭತ್ತದ ನೇಜಿ ನೆಟ್ಟವರು ಅವರು. ಬಚ್ಚಲಿಗೆ ಬಂದ ಹಾವನ್ನು ಕಸ ಗುಡಿಸುವ ಹಿಡಿಸೂಡಿಯಲ್ಲಿ ಹೊರಗೆ ದೂಡಿ, ಕೈ ತೊಳೆದು, ಚಹಾ ಕುಡಿಯಲು ಕೂರುವ ಹೆಂಗಸು. ಅವರಿಲ್ಲದೆ ಸುತ್ತಮುತ್ತ ಒಂದು ಮದುವೆಯಿಲ್ಲ, ಒಂದು ಸೀಮಂತವಿಲ್ಲ, ಸತ್ತವರ ಬೊಜ್ಜವೂ ಇಲ್ಲ. ಮನೆಯಲ್ಲಿ ಕುಳಿತರೆ ಕಾಲು ನೋಯುತ್ತದೆ, ತಿರುಗಾಡಿದರೆ ನೋವಿಲ್ಲ ಎನ್ನುವ ಜಾತಿ. ಅಂಥವರು ಆ ದಿನದಿಂದ ಗೇಟು ದಾಟಲಿಲ್ಲ.

ಅತ್ತ ನನ್ನ ಗಂಡ ಗಲ್ಫಿನಿಂದಲೇ ಮನೆ ಕಾಯಲು ಹೊರಟರು. ಸಿಟ್‌ಔಟಿಗೆ ಕಬ್ಬಿಣದ ಗ್ರಿಲ್, ಹಿಂಬಾಗಿಲಿಗೆ ಅಡ್ಡಪಟ್ಟಿ, ಬಾಗಿಲಿಗೊಂದು ಹೊಸ ಲಾಕು, ಅದರ ಮೇಲೊಂದು ಬೀಗ. ಮೇಲಿಂದ ಕ್ಯಾಮರಾ. ಎದುರಿಗೆ ಏನು ಅಲುಗಾಡಿದರೂ ಅದು ಅವರ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಕಾಗೆ ಕುಳಿತರೆ ಫೋನು, ತೆಂಗಿನ ಮಡಲು ಬಿದ್ದರೆ ಫೋನು. ಒಮ್ಮೆ ಡ್ಯೂಟಿಯ ನಡುವೆ ಗಾಬರಿಯಲ್ಲಿ ಕರೆಮಾಡಿ, ತಲೆಗೆ ಬಟ್ಟೆ ಕಟ್ಟಿದ ಯಾರೋ ಗ್ರಿಲ್ಲಿನ ಒಳಗೆ ಕೈ ಹಾಕುತ್ತಿದ್ದಾರೆ ಎಂದರು. ನೋಡಿದರೆ ನಮ್ಮ ಮೀನಿನ ಅಕ್ಕ. ಮಾಮಿ ಗ್ರಿಲ್ ತೆಗೆಯಲು ಒಪ್ಪದೆ ಸರಳಿನ ಸಂದಿಯಿಂದಲೇ ಬಂಗುಡೆ ತೆಗೆದುಕೊಳ್ಳುತ್ತಿದ್ದರು. ದೊಡ್ಡ ಮೀನಾದ ಅಂಜಲ್ ಆ ಸಂದಿಯಲ್ಲಿ ದಾಟುವುದಿಲ್ಲ ಎಂಬ ಕಾರಣಕ್ಕೆ ನಮ್ಮ ಮನೆಯಲ್ಲಿ ಆ ಸಮಯದಲ್ಲಿ ಅಂಜಲ್ ಊಟವೇ ಇರಲಿಲ್ಲ. ನಗುವುದೋ ಅಳುವುದೋ, ನೀವೇ ಹೇಳಿ.

ಗ್ರಿಲ್ಲಿನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಮಾಮಿ. ನಾನು ಬೆಳಿಗ್ಗೆ ಫಳ್ನೀರಿಗೆ ಹೋಗುವಾಗ ಅಲ್ಲೇ, ಬರುವಾಗಲೂ ಅಲ್ಲೇ. ಫಳ್ನೀರಿನ ಕಣ್ಣಿನ ಕ್ಲಿನಿಕ್ಕೊಂದರ ರಿಸೆಪ್ಶನಿನಲ್ಲಿ ನನಗೆ ಕೆಲಸ. ಮದುವೆಯ ಕಾಗದ ಬಂದರೆ ನೀವು ಹೋಗಿ ಬನ್ನಿ, ಮನೆಗೆ ಜನ ಬೇಡವಾ ಎನ್ನುತ್ತಿದ್ದರು. ಸ್ವಂತ ತಂಗಿಯ ಮೊಮ್ಮಗಳ ಮದುವೆಗೂ ಬರಲಿಲ್ಲ. ತಂಗಿ ಫೋನಿನಲ್ಲಿ ಅತ್ತರು, ಇವರೂ ಅತ್ತರು, ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಬರಬರುತ್ತ ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಹಸಿರು ರೇಷ್ಮೆಯನ್ನು ಡ್ರೈಕ್ಲೀನಿಗೆ ಕೊಟ್ಟು ತಂದೆ, ಮಡಿಕೆ ಬಿಚ್ಚಿಯೂ ನೋಡಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ಅದು ಊರಿಗೆಲ್ಲ ಗೊತ್ತು. ಒಂದು ದಿನ ತಡೆಯಲಾರದೆ, ಕಳ್ಳರು ತೆಗೆದುಕೊಂಡು ಹೋದದ್ದು ವಾಚನ್ನಾ ನಿಮ್ಮನ್ನಾ ಎಂದು ಕೇಳಿಯೇಬಿಟ್ಟೆ. ಮಾಮಿ ಉತ್ತರ ಕೊಡಲಿಲ್ಲ. ಮೊದಲಾದರೆ ನನ್ನ ಒಂದು ಮಾತಿಗೆ ಅವರದು ಹತ್ತು ಮಾತು. ಆ ಮೌನಕ್ಕೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇವರು ಹೀಗೆಯೇ ಆ ಕುರ್ಚಿಯಲ್ಲಿ ಕರಗಿಹೋಗುತ್ತಾರೆ ಎಂದು ಅನ್ನಿಸಿ, ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಗಂಡನಿಗೆ ಹೇಳಿದರೆ, ಮನೆ ಮಾರಿ ವಾಚ್‌ಮನ್ ಇರುವ ಫ್ಲ್ಯಾಟಿಗೆ ಹೋಗುವ ಎಂದರು. ಮುಂದಿನ ರಜೆಗೆ ಬಂದಾಗ ಫ್ಲ್ಯಾಟು ನೋಡುವುದೆಂದು ಮಾತಾಯಿತು. ಗೇಟಿಲ್ಲದ ಏಳನೇ ಮಾಳಿಗೆಯಲ್ಲಿ ಮಾಮಿ ಯಾವ ಗೇಟು ದಾಟಿಯಾರು ಎಂದು ನಾನು ಕೇಳಿದೆ.

ಹೀಗಿರುವಾಗ ಒಂದು ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಮದ್ದು ಬಿಟ್ಟುಕೊಂಡ ಸಾಲು ಸಾಲು ಜನ ಕುಳಿತಿದ್ದಾಗ ಗಂಡನ ಫೋನು ಬಂತು. ಯಾವ ಕಾಗೆಯಪ್ಪಾ ಎಂದುಕೊಂಡೇ ಎತ್ತಿದೆ.

“ಈಗಷ್ಟೇ ಮೊಬೈಲು ನೋಡಿದೆ, ಗ್ರಿಲ್ ತೆರೆದುಂಟು. ಬಾಗಿಲು, ಗೇಟು ಎಲ್ಲ ತೆರೆದುಂಟು. ಅಮ್ಮ ಕಾಣುವುದಿಲ್ಲ, ಫೋನೂ ತೆಗೆಯುವುದಿಲ್ಲ,” ಎಂದರು.

ಮಗಳಿಗೆ ಕಾಲೇಜು, ಮನೆಯಲ್ಲಿ ಮಾಮಿ ಒಬ್ಬರೇ. ಡಾಕ್ಟರಿಗೆ ಒಂದು ಮಾತು ಹೇಳಿ ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಒಂದು ಕಡೆ ದೈವದೇವರಿಗೆಲ್ಲ ಹರಕೆ, ಇನ್ನೊಂದು ಕಡೆ ಮಾಮಿಗೆ ಬೈಗುಳ. ಇಷ್ಟು ದಿನ ಮೀನಿಗೂ ಗ್ರಿಲ್ ತೆಗೆಯದವರು ಇವತ್ತು ಯಾರಿಗೆ ತೆಗೆದರು? ಎದುರುಮನೆಯ ಅಕ್ಕನಿಗೆ ಕರೆಮಾಡಿದರೆ ಅವಳ ಫೋನು ಬಿಝಿ. ಎಲ್ಲ ಸಿಗ್ನಲಿನಲ್ಲೂ ನಮ್ಮ ರಿಕ್ಷಾವೇ ನಿಲ್ಲಬೇಕಾ ಎಂದು ಡ್ರೈವರಿಗೆ ಸುಮ್ಮನೆ ರೇಗಿದೆ, ಪಾಪ.

ಮನೆ ಮುಟ್ಟಿದಾಗ ಗಂಡ ಹೇಳಿದ ಹಾಗೆಯೇ ಇತ್ತು. ಗ್ರಿಲ್ಲು ಗೋಡೆಗೆ ತಾಗಿ ನಿಂತಿದೆ, ಬಾಗಿಲು ತೆರೆದಿದೆ, ಒಳಗೆ ಫ್ಯಾನು ತಿರುಗುತ್ತಿದೆ. ಕುರ್ಚಿ ಇಲ್ಲ. ಮಾಮಿ ಎಂದು ಕೂಗಿದೆ. ಕೋಣೆ ನೋಡಿದೆ, ಬಚ್ಚಲು ನೋಡಿದೆ. ಕಡೆಗೆ ಜೀವ ಬಾಯಿಗೆ ಬಂದು ಬಾವಿಯೊಳಗೂ ಬಗ್ಗಿ ನೋಡಿದೆ. ಅವರ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿತ್ತು.

ಆಗ ಎದುರುಮನೆಯ ಅಂಗಳದಿಂದ ದೊಡ್ಡ ದನಿಯೊಂದು ಕೇಳಿಸಿತು. ಎಷ್ಟೋ ದಿನಗಳಿಂದ ನಾನು ಕೇಳದಿದ್ದ ದನಿ. ಓಡಿದೆ. ಆ ಮನೆಯ ಸಿಟ್‌ಔಟಿನ ನಟ್ಟನಡುವೆ ನಮ್ಮ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿದ ಮಾಮಿ, ಮಡಿಲಲ್ಲಿ ಮಡಲು ಕಡಿಯುವ ಕತ್ತಿ. ಗೇಟಿನ ಹೊರಗೆ ಕೊರಿಯರಿನವನೊಬ್ಬ ಡಬ್ಬಿ ಹಿಡಿದು ನಿಂತಿದ್ದ. ಅವನ ಊರು ಯಾವುದು, ಡಬ್ಬಿಯಲ್ಲಿ ಎಂತ ಉಂಟು, ಯಾರು ಕಳಿಸಿದ್ದು, ಎಲ್ಲ ವಿಚಾರಣೆ ನಡೆದಿತ್ತು. ನನ್ನನ್ನು ಕಂಡು ಅವನು ನಿಟ್ಟುಸಿರುಬಿಟ್ಟ.

ಆದದ್ದು ಇಷ್ಟು. ಎದುರುಮನೆಯ ಅಣ್ಣ, ಅಂದರೆ ಅಕ್ಕನ ಗಂಡ, ತಾರಸಿಯ ಮೇಲೆ ನೀರಿನ ಟ್ಯಾಂಕು ತೊಳೆಯುವಾಗ ಜಾರಿಬಿದ್ದು ಕಾಲು ಮುರಿದುಕೊಂಡಿದ್ದರು. ಅಕ್ಕ ಉಟ್ಟ ಬಟ್ಟೆಯಲ್ಲೇ ಅವರನ್ನು ರಿಕ್ಷಾಕ್ಕೆ ಹತ್ತಿಸಿ, ದೊಡ್ಡಮ್ಮ, ಮನೆ ಹಾಗೆಯೇ ಉಂಟು, ಒಲೆಯಲ್ಲಿ ಅನ್ನವೂ ಉಂಟು ಎಂದು ನಮ್ಮ ಗೇಟಿನ ಹೊರಗಿನಿಂದ ಮಾಮಿಗೆ ಕೂಗಿ ಹೇಳಿ ಫಳ್ನೀರಿನ ಆಸ್ಪತ್ರೆಗೆ ಹೋಗಿದ್ದಳು. ಮಾಮಿ ಕುರ್ಚಿ ಎತ್ತಿಕೊಂಡು ಬಂದು, ಅನ್ನ ಬಾಗಿಸಿ ಗಂಜಿ ಬಸಿದು, ಗ್ಯಾಸು ಆರಿಸಿ, ಕಾವಲಿಗೆ ಕುಳಿತಿದ್ದರು.

ಹೆದರಿಕೆ ಇಳಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಜೀವ ಹೋಗುವ ಹಾಗೆ ಓಡಿ ಬಂದಿದ್ದೇನೆ, ನಿಮ್ಮ ಮಗ ಅಲ್ಲಿ ಕಣ್ಣುಕತ್ತಲೆ ಬಂದು ಕುಳಿತಿದ್ದಾರೆ, ನಮ್ಮ ಮನೆಯನ್ನು ಊರಿಗೆಲ್ಲ ತೆರೆದಿಟ್ಟು ಇಲ್ಲಿ ಎಂತ ಮಾಡುತ್ತಿದ್ದೀರಿ ಎಂದು ಬಾಯಿಗೆ ಬಂದ ಹಾಗೆ ಬೈದೆ.

ಮಾಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವರ ಮನೆಯಲ್ಲಿ ಯಾರೂ ಇಲ್ಲ ಮಾರಾಯ್ತಿ,” ಎಂದರು. “ನಮ್ಮ ಮನೆಯಲ್ಲಾದರೆ ನಾನಿದ್ದೇನಲ್ಲ.”

ಎಲ್ಲಿದ್ದೀರಿ ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಅವರು ಗೇಟು ದಾಟಿ ಬಂದಿದ್ದಾರೆ ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಓಣಿ ದಾಟಿ ಬಂದಿದ್ದಾರೆ. ಬೆನ್ನ ಹಿಂದೆ ಎರಡು ಬೀಗದ ಮನೆಯನ್ನು ಬಿಟ್ಟು, ಒಂದು ಸಲವೂ ಹಿಂತಿರುಗಿ ನೋಡದೆ ಬಂದಿದ್ದಾರೆ. ಅವರಿಗೇ ಅದು ಗೊತ್ತಿದ್ದ ಹಾಗೆ ಕಾಣಲಿಲ್ಲ. ಗಂಡನಿಗೆ ಫೋನು ಮಾಡಿ, ಅಮ್ಮ ಸರಿಯಿದ್ದಾರೆ, ಜೋರಾಗಿಯೇ ಇದ್ದಾರೆ ಎಂದೆ. ಬಾಗಿಲು ಇನ್ನೂ ತೆರೆದೇ ಕಾಣುತ್ತದಲ್ಲ, ಹಾಕಬಾರದಾ ಎಂದರು. ಸ್ವಲ್ಪ ಹೊತ್ತು ಇರಲಿ ಎಂದು ಫೋನು ಇಟ್ಟೆ. ಮಾಮಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತೆ. ಸಂತೋಷಕ್ಕೆ ನನಗೆ ಅಳು ಬಂತು, ಮುಖ ಆಚೆ ತಿರುಗಿಸಿಕೊಂಡೆ.

ಸಂಜೆ ಅಕ್ಕ ಬಂದು ಮನೆ ವಹಿಸಿಕೊಂಡಳು. ಅಣ್ಣನ ಕಾಲಿಗೆ ಆಪರೇಷನ್ ಆಗಬೇಕಂತೆ, ಗಾಬರಿಯೇನಿಲ್ಲವಂತೆ. ನಾವು ಮನೆಗೆ ಬಂದ ಮೇಲೆ ಮಾಮಿ ಕಪಾಟಿನ ಎದುರು ನಿಂತು ಏನನ್ನೋ ಹುಡುಕತೊಡಗಿದರು. ಏನು ಬೇಕು ಎಂದೆ.

“ನಾಳೆ ಆಸ್ಪತ್ರೆಗೆ ಹೋಗ್ಲಿಕ್ಕೆ ಸೀರೆ. ನಿನ್ನ ಬಸ್ಸಿಗೇ ಬರ್ತೇನೆ,” ಎಂದರು. ಕಾಲು ಮುರಿದವರನ್ನು ನೋಡಲು ಹೋಗದಿದ್ದರೆ ಜನ ಏನೆಂದಾರು, ಬರಿಗೈಯಲ್ಲಿ ಹೋಗಲಾಗುತ್ತದಾ, ಕಿತ್ತಳೆ ಎಲ್ಲಿ ಒಳ್ಳೆಯದು ಸಿಗುತ್ತದೆ, ಎಲ್ಲ ಒಂದೇ ಉಸಿರಿನಲ್ಲಿ.

ನಾನು ತಡೆದು ತಡೆದು ಕೇಳಿದೆ. “ಮನೆ?”

“ಬೀಗ ಹಾಕುವುದು,” ಎಂದರು ಮಾಮಿ, ಇಷ್ಟೂ ಗೊತ್ತಿಲ್ಲವಾ ಎನ್ನುವ ದನಿಯಲ್ಲಿ. “ಮತ್ತೆ ಬೀಗ ಇರುವುದು ಎಂತಕ್ಕೆ?”