ಊಟದ ವಿರಾಮದ ಹೋರಾಟಗಾರ

ಜನ ಯಾಕೆ ಬೀದಿಗಿಳಿಯುವುದಿಲ್ಲ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ನನ್ನ ಹತ್ತಿರ ಅರ್ಧ ಗಂಟೆಯ ಉತ್ತರ ಇತ್ತು. ಈಗ ಯಾರಾದರೂ ಕೇಳಿದರೆ ಸುಸ್ತಾಗುತ್ತದೆ. ‘ಹೋಗ್ಲಿ ಬಿಡಿ, ಕಾಫಿ ಕುಡಿಯೋಣ’ ಅಂದುಬಿಡುತ್ತೇನೆ.

ನನ್ನ ಗಂಟಲು ದೊಡ್ಡದು. ವಿಮಾ ಕಚೇರಿಯ ಯೂನಿಯನ್ನಿನಲ್ಲಿ ನನಗಿದ್ದ ಯೋಗ್ಯತೆ ಅದೊಂದೇ. ಸುತ್ತೋಲೆ ಬರೆಯುವುದು, ಮ್ಯಾನೇಜರರ ಹತ್ತಿರ ವಾದ ಮಾಡುವುದು ಬೇರೆಯವರ ಕೆಲಸ. ಮಧ್ಯಾಹ್ನ ಒಂದೂವರೆಗೆ ಮದರಾಸಿನ ಮೌಂಟ್ ರೋಡಿನ ನಮ್ಮ ಕಚೇರಿಯ ಗೇಟಿನ ಮುಂದೆ ನಿಂತು ತಮಿಳಿನಲ್ಲಿ ಘೋಷಣೆ ಕೂಗುವುದು ನನ್ನ ಕೆಲಸ. ನಾನು ಒಂದು ಸಾಲು ಕೂಗಬೇಕು, ಹಿಂದೆ ನಿಂತವರೆಲ್ಲ ಅದನ್ನೇ ತಿರುಗಿ ಕೂಗಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ವಿಮೆಗೂ ಖಾಸಗಿ ಕಂಪನಿಗಳು ಬರುತ್ತವಂತೆ ಎಂಬ ಸುದ್ದಿ ಎದ್ದ ಮೇಲೆ ವಾರಕ್ಕೊಂದು ಸಲವಾದರೂ ಈ ಕೂಗಾಟ ಇರುತ್ತಿತ್ತು. ಮೊದಲೇ ನೋಟೀಸು ಕೊಟ್ಟು, ಪೊಲೀಸರಿಗೆ ತಿಳಿಸಿ, ಎದೆಗೆ ಕಪ್ಪು ಬ್ಯಾಡ್ಜು ಚುಚ್ಚಿಕೊಂಡು ನಿಲ್ಲುತ್ತಿದ್ದೆವು. ಎರಡು ಗಂಟೆಗೆ ಸರಿಯಾಗಿ ಮುಗಿಸಿ ಸೀಟಿಗೆ ಹೋಗಿ ಕೂರುತ್ತಿದ್ದೆವು.

ಖಾಸಗಿ ಕಂಪನಿಗಳು ಬಂದೇ ಬಂದವು. ಆದರೂ ನಾವು ಕೂಗುತ್ತಲೇ ಇದ್ದೆವು, ನಿಲ್ಲಿಸಲು ಯಾರಿಗೂ ತೋಚಲಿಲ್ಲ. ಮನೆಯಲ್ಲಿ ಮಾತ್ರ ನಾನು ದೊಡ್ಡ ಹೋರಾಟಗಾರ. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಾ ಹೊಸ ಘೋಷಣೆಗಳನ್ನು ಬಾಯಿಗೆ ಕೂರಿಸಿಕೊಳ್ಳುತ್ತಿದ್ದೆ. ಅಡಿಗೆಮನೆಯಿಂದ ಹೆಂಡತಿ, ‘ಅಯ್ಯೋ ರಾಮಾ, ಮೆಲ್ಲಗೆ ಕೂಗ್ರೀ, ಹಾಲಿನವನು ಓಡಿಹೋದಾನು’ ಎನ್ನುತ್ತಿದ್ದಳು. ಪೇಪರು ಓದುವಾಗ ನಾನು ಊರಿನ ಜನರನ್ನೆಲ್ಲ ಬೈಯುತ್ತಿದ್ದೆ. ಬೆನ್ನುಮೂಳೆ ಇಲ್ಲದ ಜನ, ಸೀರಿಯಲ್ ನೋಡಿಕೊಂಡು ಕೂರುವ ಜನ, ಇಂಥವರಿಗೆ ಹೀಗೇ ಆಗಬೇಕು ಅಂತ. ಅವಳು ಕೇಳಿಸಿಕೊಂಡು ತನ್ನ ಕೆಲಸ ಮಾಡುತ್ತಿದ್ದಳು.

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಕಳೆದಿರಬೇಕು. ಮೈಲಾಪೂರಿನ ದೇವಸ್ಥಾನದ ಕೊಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಮ್ಮದು ಹಳೆಯ ಫ್ಲಾಟು, ಎರಡನೇ ಮಹಡಿ. ಬೋರಿನಲ್ಲಿ ಬರುತ್ತಿದ್ದದ್ದು ಉಪ್ಪುನೀರು, ಅದೂ ಬಕೆಟ್ಟಿಗೆ ಕಾಲು ಗಂಟೆ. ಕುಡಿಯುವ ನೀರಿಗೆ ಬೀದಿಯ ತುದಿಗೆ ಬರುವ ಲಾರಿಯೇ ಗತಿ. ಬೆಳಿಗ್ಗೆಯೇ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಟ್ಟು ಬರುವುದು, ಲಾರಿಯ ಹಾರನ್ ಕೇಳಿದರೆ ಒಲೆ ಆರಿಸಿ ಓಡುವುದು, ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಎರಡು ಮಹಡಿ ಹತ್ತುವುದು. ಇದೆಲ್ಲ ಹೆಂಡತಿಯ ಪಾಲಿಗೆ. ನಾನು ಆಫೀಸಿಗೆ ಹೋಗುವವನಲ್ಲವೇ.

ಒಮ್ಮೆ ಒಂಬತ್ತು ದಿನ ಲಾರಿ ಬರಲಿಲ್ಲ. ಹತ್ತನೆಯ ದಿನ ಬೀದಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ದೊಡ್ಡ ರಸ್ತೆಯಲ್ಲಿ ಕೂರುವುದೆಂದು ಮಾತಾಯಿತು. ಮಾತು ಎತ್ತಿದವಳು ನಮ್ಮ ಕೆಳಗಿನ ಮನೆಯ, ಬ್ಲೌಸು ಹೊಲಿದುಕೊಡುವ ಹೆಂಗಸು. ಹಿಂದಿನ ಸಂಜೆ ಅವಳು ಮೇಲೆ ಬಂದು ನನ್ನನ್ನೇ ಕೇಳಿದಳು: ‘ನೀಂಗ ಕುರಲ್ ಕುಡುತ್ತಾ ಪೋದುಂ ಸಾರ್.’ ಬೇರೇನೂ ಬೇಡ, ನೀವು ಬಂದು ದನಿ ಕೊಟ್ಟರೆ ಸಾಕು, ನಮಗ್ಯಾರಿಗೂ ಘೋಷಣೆ ಕೂಗಿ ಗೊತ್ತಿಲ್ಲ ಎಂದಳು. ನನ್ನ ಗಂಟಲಿನ ವಿಷಯ ಹೆಂಡತಿಯೇ ಹೇಳಿದ್ದಳಂತೆ, ಹೆಮ್ಮೆಯಿಂದ.

ಅವಳು ಹೋದ ಮೇಲೆ ನಾನು ಶುರುಮಾಡಿದೆ. ಪರ್ಮಿಷನ್ ಇಲ್ಲದೆ ರಸ್ತೆ ತಡೆದರೆ ಕೇಸು. ನಲವತ್ತೆಂಟು ಗಂಟೆ ಒಳಗಿದ್ದರೆ ನನಗೆ ಸಸ್ಪೆನ್ಷನ್.

‘ಸಾಯಂಕಾಲ ಬಿಟ್ಬಿಡ್ತಾರಂತೆ ರೀ. ಯಾವ್ದಾದ್ರೂ ಕಲ್ಯಾಣ ಮಂಟಪದಲ್ಲಿ ಕೂರಿಸಿ ಊಟ ಹಾಕಿ ಕಳಿಸ್ತಾರಂತೆ.’

‘ಅದಿರಲಿ. ನಾವು ಕನ್ನಡದವರು ಕಣೇ. ನೀರು ಕೊಡಿ ಅಂತ ನಾನು ಮದರಾಸಿನ ರಸ್ತೇಲಿ ಕೂಗಿದ್ರೆ, ಮೊದ್ಲು ನಿಮ್ಮೂರವರಿಗೆ ನೀರು ಬಿಡಕ್ಕೆ ಹೇಳು ಅನ್ನಲ್ವಾ?’

ಇದು ಸುಳ್ಳಲ್ಲ. ಕಾವೇರಿ ಗಲಾಟೆ ಎದ್ದಾಗಲೆಲ್ಲ ನಮ್ಮಪ್ಪ ಮನೆಯಲ್ಲಿ ಒಂದು ಆರ್ಡರ್ ಹಾಕುತ್ತಿದ್ದರು: ಬಸ್ಸಿನಲ್ಲಿ ಕನ್ನಡ ಬೇಡ. ಹುಟ್ಟಿದ್ದು, ಓದಿದ್ದು, ಕೆಲಸ ಸಿಕ್ಕಿದ್ದು ಎಲ್ಲ ಈ ಊರಿನಲ್ಲೇ ಆದರೂ ಆ ಅಳುಕು ನನಗೆ ಅವರಿಂದ ಬಂದಿತ್ತು. ಹೆಂಡತಿಯೂ ಈ ಊರಿನಲ್ಲೇ ಹುಟ್ಟಿದ ಕನ್ನಡದವಳು, ಅವಳಿಗೂ ಇದೆಲ್ಲ ಗೊತ್ತು.

‘ಯಾರು ಅಂತಾರೆ? ಕೆಳಗಿನ ಮನೆಯವಳು ಅಂತಾಳಾ? ಅಂದ್ರೆ ಅನ್ಲಿ, ಪರವಾಯಿಲ್ಲೆ’ ಎಂದು ತಮಿಳಿನಲ್ಲೇ ತಳ್ಳಿಹಾಕಿದಳು. ಆಮೇಲೆ, ‘ಬನ್ರೀ. ನೀವಿದ್ರೆ ನಂಗೊಂದು ಧೈರ್ಯ’ ಎಂದಳು.

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಸೀರೆ ಕೇಳಿದ್ದಾಳೆ, ತವರಿನ ಮದುವೆಗೆ ರಜೆ ಹಾಕಿ ಎಂದಿದ್ದಾಳೆ, ಜೊತೆಗೆ ನಿಲ್ಲಿ ಎಂದು ಕೇಳಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ‘ಆಯ್ತು, ಹತ್ತು ಗಂಟೆಗೆ ತಾನೇ? ಬರ್ತೀನಿ’ ಎಂದು ಮಾತು ಕೊಟ್ಟೆ. ಅವಳು ಕೆಳಗೆ ಹೋಗಿ ಹೇಳಿಯೂ ಬಂದಳು.

ಬೆಳಿಗ್ಗೆ ಎದ್ದು ಗಡ್ಡಕ್ಕೆ ಸೋಪು ಹಚ್ಚಿಕೊಂಡೆ. ಕನ್ನಡಿ ಮುಂದೆ ನಿಂತರೆ ಬಾಯಿಂದ ಒಂದು ಅಕ್ಷರ ಹೊರಡದು. ಗೇಟಿನ ಮುಂದೆ ನಿಲ್ಲುವಾಗ ಹಿಂದೆ ಕಚೇರಿ ಇರುತ್ತದೆ, ಪಕ್ಕದಲ್ಲಿ ಸೆಕ್ರೆಟರಿ ಇರುತ್ತಾರೆ, ಎರಡು ಗಂಟೆಗೆ ಮುಗಿಯುತ್ತದೆ ಎಂಬುದು ಮ್ಯಾನೇಜರಿಗೂ ಗೊತ್ತು ನಮಗೂ ಗೊತ್ತು. ಈ ರಸ್ತೆಯಲ್ಲಿ ಅದ್ಯಾವುದೂ ಇಲ್ಲ. ಬರೀ ಹೆಂಗಸರು, ಕೊಡಗಳು, ಎದುರಿಗೆ ಹಾರನ್ ಹೊಡೆಯುವ ಬಸ್ಸುಗಳು. ಹೆಂಡತಿ ಉಪ್ಪುನೀರು ಹೊಡೆಯಲು ಕೆಳಗಿನ ಕೈಪಂಪಿಗೆ ಹೋಗಿದ್ದಳು. ನಾನು ಷರಟು ಸಿಕ್ಕಿಸಿಕೊಂಡು, ಪರೀಕ್ಷೆಗೆ ಓದುತ್ತಾ ಮನೆಯಲ್ಲಿದ್ದ ಮಗಳಿಗೆ, ‘ಯೂನಿಯನ್ನಲ್ಲಿ ಅರ್ಜೆಂಟ್ ಮೀಟಿಂಗು ಅಂತ ಅಮ್ಮಂಗೆ ಹೇಳು’ ಎಂದು ಮುಂದಿನ ಮೆಟ್ಟಿಲಿನಿಂದ ಇಳಿದು ನಡೆದೆ. ಕೈಪಂಪು ಹಿಂದಿನ ಅಂಗಳದಲ್ಲಿತ್ತು. ಅದರ ಕಿರುಗುಟ್ಟುವ ಸದ್ದು ಬೀದಿಯವರೆಗೂ ಕೇಳುತ್ತಿತ್ತು.

ಥೂ, ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವತ್ತು ಮಧ್ಯಾಹ್ನ ಗೇಟಿನ ಮುಂದೆ ಘೋಷಣೆಯೂ ಇತ್ತು. ಒಂದೂವರೆಗೆ ನಿಂತು ಕೂಗಿದೆ. ಚೆನ್ನಾಗಿಯೇ ಕೂಗಿದೆ ಎಂದು ಸೆಕ್ರೆಟರಿ ಬೆನ್ನು ತಟ್ಟಿದರು. ಸೀಟಿಗೆ ಬಂದು ಕೂತಾಗ ಫೋನು ಬಂತು, ಮಗಳು ಬೀದಿಯ ಎಸ್‌ಟಿಡಿ ಬೂತಿನಿಂದ ಮಾಡಿದ್ದಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ‘ಅಪ್ಪಾ, ಅಮ್ಮಾ ಮಂಡಪತ್ತುಲ ಇರುಕ್ಕಾಂಗ.’ ಪೊಲೀಸರು ಇಪ್ಪತ್ತೇಳು ಹೆಂಗಸರನ್ನು ವ್ಯಾನಿಗೆ ಹತ್ತಿಸಿ ಕಲ್ಯಾಣ ಮಂಟಪದಲ್ಲಿ ಇಟ್ಟಿದ್ದರು, ಅದರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅರ್ಧ ದಿನದ ರಜೆ ಬರೆದುಕೊಟ್ಟು ಆಟೋ ಹಿಡಿದೆ.

ಮಂಟಪದ ಗೇಟಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆ ಬಿಡಲಿಲ್ಲ, ಕಿಟಕಿಯ ಹತ್ತಿರ ನಿಂತು ಮಾತಾಡಿ ಎಂದ. ಕಿಟಕಿಯಿಂದ ನೋಡಿದರೆ ಹೆಂಗಸರೆಲ್ಲ ಜಮಖಾನದ ಮೇಲೆ ಕೂತು ಪೊಟ್ಟಣ ಬಿಚ್ಚಿ ಸಾಂಬಾರನ್ನ ತಿನ್ನುತ್ತಿದ್ದಾರೆ. ನಡುವೆ ನನ್ನವಳು. ತಲೆ ಕೆದರಿದೆ, ಮುಖವೆಲ್ಲ ಬಿಸಿಲಿಗೆ ಕಂದಿದೆ, ಏನೋ ಹೇಳಿ ನಗುತ್ತಿದ್ದಾಳೆ. ಅವಳು ಅಷ್ಟು ಜೋರಾಗಿ ನಗುವುದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ನಾನು ಅಲ್ಲಿಂದಲೇ ವಾಪಸು ಹೋಗಿಬಿಡಲೇ ಎನಿಸಿತು.

ಮೊದಲು ನನ್ನನ್ನು ಕಂಡವಳು ಬ್ಲೌಸು ಹೊಲಿಯುವ ಹೆಂಗಸು. ಕಿಟಕಿಗೆ ಬಂದು ತಮಿಳಿನಲ್ಲಿ ವರದಿ ಒಪ್ಪಿಸಿದಳು. ನಾನು ಹೆದರಿದ್ದ ಮಾತು ಬಂದೇಬಿಟ್ಟಿತ್ತಂತೆ. ರಸ್ತೆಯಲ್ಲಿ ಕೂತಾಗ, ಬಸ್ಸಿನಿಂದ ಇಳಿದ ಒಬ್ಬ ಗಂಡಸು ನನ್ನವಳ ಕನ್ನಡ ಬೆರೆತ ತಮಿಳು ಕೇಳಿ, ‘ಏನಮ್ಮಾ, ನಿಮ್ಮೂರವರಿಗೆ ನೀರು ಬಿಡಕ್ಕೆ ಹೇಳೋದು ತಾನೇ’ ಎಂದನಂತೆ. ಅದಕ್ಕೆ ನನ್ನ ಹೆಂಡತಿ, ‘ನನ್ನ ಮಾತನ್ನ ಕಟ್ಟಿಕೊಂಡ ಗಂಡನೇ ಕೇಳಲ್ಲ, ಇನ್ನು ಕರ್ನಾಟಕ ಕೇಳುತ್ತಾ?’ ಅಂದಳಂತೆ. ಬಸ್ಸಿನವರೆಲ್ಲ ನಕ್ಕು, ಆ ಮನುಷ್ಯನೂ ನಕ್ಕು, ಅಲ್ಲಿಗೆ ಮಾತು ಮುಗಿಯಿತಂತೆ. ಹೇಳುತ್ತಾ ಅವಳು ಮತ್ತೆ ನಕ್ಕಳು. ನಾನೂ ನಗಬೇಕಾಯಿತು.

ಆಮೇಲೆ ಹೆಂಡತಿ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ‘ಇಲ್ಯಾಕೆ ನಿಂತಿದ್ದೀರಿ? ಮೂರು ಗಂಟೆಗೆ ಎರಡು ಲಾರಿ ಕಳಿಸ್ತೀನಿ ಅಂತ ಆಫೀಸರ್ರು ಒಪ್ಕೊಂಡಿದ್ದಾರೆ. ನೀರು ಹಿಡಿಯೋರೆಲ್ಲಾ ಇಲ್ಲಿದ್ದೀವಿ. ಓಡಿ, ಕೊಡ ಇಡಿ. ಕೆಳಗಿನ ಮನೆಗೂ ಹಿಡೀರಿ’ ಎಂದಳು. ಅಷ್ಟೇ.

ಓಡಿದೆ. ಅವತ್ತು ಲಾರಿಯ ಮುಂದೆ ನಿಂತವರು ಮುಕ್ಕಾಲು ಪಾಲು ಗಂಡಸರು. ಬ್ಯಾಂಕಿನವರು, ರೈಲ್ವೆಯವರು, ಪಿಂಚಣಿಯವರು, ಎಲ್ಲರೂ ಲುಂಗಿ ಪಂಚೆ ಎತ್ತಿ ಕಟ್ಟಿ, ಯಾವ ಕೊಡ ಯಾರದೆಂದು ತಿಳಿಯದೆ, ಪೈಪು ಹಿಡಿಯಲು ಬಾರದೆ ಅರ್ಧ ನೀರು ರಸ್ತೆಗೆ ಚೆಲ್ಲಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮ ಮನೆಗೆ ಎಂಟು ಕೊಡ, ಕೆಳಗಿನ ಮನೆಗೆ ಆರು. ನಾಲ್ಕನೆಯ ಕೊಡಕ್ಕೆ ನನ್ನ ಸೊಂಟ ಹಿಡಿದುಕೊಂಡಿತು, ಮೊದಲ ಮಹಡಿಯ ತಿರುವಿನಲ್ಲಿ ಇಳಿಸಿ ಗೋಡೆಗೊರಗಿ ನಿಂತೆ. ಇವಳು ಇದನ್ನು ಎರಡು ವರ್ಷದಿಂದ ಮಾಡುತ್ತಿದ್ದಾಳೆ ಎಂಬುದು ಗೊತ್ತಿರದ ವಿಷಯವೇನಲ್ಲ. ಹೊತ್ತಿರಲಿಲ್ಲ, ಅಷ್ಟೆ.

ಹಿಂದೆ ಒಂದು ಪುಟ್ಟ ಕೊಡ ಹಿಡಿದು ಹತ್ತುತ್ತಿದ್ದ ಮಗಳಿಗೆ ಸಂಭ್ರಮವೋ ಸಂಭ್ರಮ. ರಸ್ತೆಯ ಮೂಲೆಯಲ್ಲಿ ನಿಂತು ಎಲ್ಲ ನೋಡಿದ್ದಳು. ಹತ್ತು ಗಂಟೆಗೆ ಎಲ್ಲರೂ ಕೂತರಂತೆ. ಕಾಲು ಗಂಟೆ ಯಾರೂ ಬಾಯಿ ಬಿಡಲಿಲ್ಲವಂತೆ, ಸಾರ್ ಬರುತ್ತಾರೆ ಸಾರ್ ಬರುತ್ತಾರೆ ಎಂದು ನಮ್ಮ ಬೀದಿಯ ಕಡೆಗೇ ನೋಡುತ್ತಿದ್ದರಂತೆ. ಕೊನೆಗೆ ಅಮ್ಮ ಎದ್ದು ನಿಂತು ತಾನೇ ಕೂಗಿದಳಂತೆ. ‘ಅಪ್ಪಾ, ಅಪ್ಪಡಿಯೇ ಉಂಗ ಸ್ಟೈಲು!’ ಎಂದಳು ಮಗಳು. ಥೇಟ್ ನನ್ನ ಧಾಟಿಯಂತೆ, ಮಾತು ಮಾತ್ರ ಬೇರೆ. ನಾನು ಕೊಡ ಎತ್ತಿಕೊಂಡು ಮೇಲೆ ಹತ್ತಿದೆ. ಅವಳು ಏನೇನೋ ಹೇಳುತ್ತಲೇ ಇದ್ದಳು, ನನ್ನ ಮನಸ್ಸು ಆ ಕಾಲು ಗಂಟೆಯಲ್ಲೇ ನಿಂತಿತ್ತು, ಬೇರೇನೂ ಕಿವಿಗೆ ಬೀಳಲಿಲ್ಲ.

ಆರು ಗಂಟೆಗೆ ಹೆಂಡತಿ ಬಂದಳು. ಕೈಕಾಲು ತೊಳೆದು, ಒಂದು ಲೋಟ ನೀರು ಕುಡಿದು, ನೆಲದ ಮೇಲೆ ಕಾಲು ಚಾಚಿ ಕೂತಳು. ನಾನು ಕಾಫಿ ಮಾಡಿಕೊಟ್ಟೆ. ಅದು ಚೆನ್ನಾಗಿರಲಿಲ್ಲ, ಆದರೂ ಕುಡಿದಳು.

‘ಮೀಟಿಂಗು ಹೇಗಾಯ್ತು?’

‘ಆಯ್ತು.’

‘ನಿಮ್ಮ ಮೀಟಿಂಗು ಯಾವತ್ತೂ ಒಂದೂವರೆಗೆ ರೀ. ಗಂಟಲು ಕಟ್ಟತ್ತೆ ಅಂತ ಅವತ್ತೆಲ್ಲಾ ಡಬ್ಬಿಗೆ ಉಪ್ಪಿನಕಾಯಿ ಹಾಕ್ದೆ ಬರೀ ಮೊಸರನ್ನ ಕಟ್ಟೋಳು ನಾನು.’

ಅಪ್ಪ ಹೇಳಿದ್ದು, ಕಾವೇರಿ, ಸಸ್ಪೆನ್ಷನ್, ಎಲ್ಲ ಮತ್ತೊಂದು ಸಲ ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

‘ಭಯ ಆಯ್ತು ಅಂತ ಒಂದು ಮಾತು ಹೇಳ್ಬಿಟ್ಟಿದ್ರೆ ಆಗ್ತಿತ್ತು. ನಂಗೂ ಭಯ ಆಗಿತ್ತು. ಕೆಳಗಿನ ಮನೆಯವಳಿಗೂ ಆಗಿತ್ತು. ಭಯ ಇಲ್ದೋರು ಯಾರಿದ್ರು ಅಲ್ಲಿ? ಎಲ್ರೂ ಒಟ್ಟಿಗೆ ಇರ್ತೀವಲ್ಲಾ ಅಂತ ತಾನೇ ಹೋದದ್ದು.’

ಜನ ಯಾಕೆ ಬೀದಿಗಿಳಿಯುತ್ತಾರೆ, ಯಾಕೆ ಇಳಿಯುವುದಿಲ್ಲ ಎಂಬುದರ ಬಗ್ಗೆ ಇಷ್ಟು ವರ್ಷದಲ್ಲಿ ನಾನು ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಿದ್ದು ನೆನಪಿಲ್ಲ. ಅವತ್ತು ಮಾತ್ರ ಒಪ್ಪಿಕೊಳ್ಳದೆ, ಪೇಪರು ಬಿಡಿಸಿ ಕೂತೆ.

ಎರಡು ತಿಂಗಳ ಮೇಲೆ ಲಾರಿ ಮತ್ತೆ ನಿಂತಿತು. ಮತ್ತೆ ರಸ್ತೆ ತಡೆ ಎಂದು ಮಗಳಿಂದ ಗೊತ್ತಾಯಿತು, ಹೆಂಡತಿ ಹೇಳಿರಲಿಲ್ಲ. ನಾನು ರಜೆ ಹಾಕಿದೆ. ಬೆಳಿಗ್ಗೆ ಒಂಬತ್ತೂವರೆಗೆಲ್ಲ ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತೆ. ಅವಳು ಸೆರಗು ಸಿಕ್ಕಿಸಿಕೊಂಡು, ಕೊಡ ಹಿಡಿದು ಹೊರಬಂದಳು.

‘ನಾನೂ ಬರ್ತೀನಿ’ ಎಂದೆ.

‘ಬೇಡಿ ರೀ’ ಎಂದಳು. ‘ಈಗ ನಂಗೆ ಭಯ ಇಲ್ಲ.’

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿಕೊಂಡಾದರೂ ಹಿಂದೆ ಹೋಗುತ್ತಿದ್ದೆ. ಅವಳು ತುಂಬ ಮೆಲ್ಲಗೆ, ನನಗೆ ನೋವಾಗಬಾರದೆಂದು ಹೇಳಿದಳು.