ಕಾಂತರಾಜುವಿನ ತಾಂಬೂಲದ ತಟ್ಟೆ

ತಾಂಡವಪುರದ ಹಾಲಿನ ಡೇರಿ ಕಾರ್ಯದರ್ಶಿ ಕಾಂತರಾಜುವಿಗೆ ನಂಜನಗೂಡಿನ ಫ್ಯಾಕ್ಟರಿಗಳ ಹತ್ತಿರ ಒಂದು ಸೈಟು ಕೊಂಡು, ಬಾಡಿಗೆ ರೂಮು ಕಟ್ಟಿಸುವ ಹುಚ್ಚು ಹಿಡಿಯಿತು. ಬ್ಯಾಂಕಿನವರು ಸಾಲ ಇಲ್ಲ ಎಂದರು. ಕೊನೆಗೆ ಮೂರು ಪರ್ಸೆಂಟ್ ಬಡ್ಡಿಗೆ ಸಾಲ ಕೊಡುವ ಮಲ್ಲಾಜಮ್ಮನವರ ಬಾಗಿಲಿಗೆ ಹೋದ.

"ನಾನು ಮುಖ ನೋಡಿ ದುಡ್ಡು ಕೊಡಲ್ಲ ಕಣಪ್ಪ, ಜಾಗ ನೋಡಿ ಕೊಡ್ತೀನಿ" ಎಂದರು ಅವರು.

ಒಳ್ಳೆಯ ದಿನವೆಂದು ಕಾಂತರಾಜು ಶುಕ್ರವಾರವೇ ಅವರನ್ನು ಸೈಟಿಗೆ ಕರೆತಂದ. ಮಾರುವವನನ್ನೂ ಅಲ್ಲಿಗೇ ಕರೆಸಿದ್ದ. ಬರಿಗೈಲಿ ಸಾಲ ಇಸ್ಕೊಳ್ಳಬಾರದೆಂದು ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ರಸಬಾಳೆ ಜೋಡಿಸಿದ ತಟ್ಟೆ ಹಿಡಿದು ಸೈಟನ್ನು ಹೊಗಳಿದ್ದೇ ಹೊಗಳಿದ್ದು.

"ನಲವತ್ತಡಿಗೇ ನೀರು ಕಣಮ್ಮ. ಫ್ಯಾಕ್ಟ್ರಿಯೋರು ರೂಮಿಗೆ ಅಲೀತಾವ್ರೆ. ಇದನ್ನ ಬಿಟ್ಟೋನು ಪೆದ್ದ."

ಮಲ್ಲಾಜಮ್ಮ ಸೈಟಿನ ಸುತ್ತ ಎರಡು ಸಲ ನಡೆದರು.

"ಶುಕ್ರವಾರ ಸಾಲ ಕೊಟ್ರೆ ಲಕ್ಷ್ಮೀನ ಆಚೆಗೆ ಕಳಿಸಿದಂಗೆ ಕಣಪ್ಪ. ಅದು ನಮ್ಮನೇಲಿ ಇಲ್ಲ. ಆದ್ರೆ ಜಾಗ ತಗೊಂಡ್ರೆ ಲಕ್ಷ್ಮಿ ಒಳಕ್ಕೆ ಬಂದಂಗೆ."

ಹೀಗೆಂದವರೇ ಅವನ ಕೈಯಿಂದ ತಟ್ಟೆ ತೆಗೆದುಕೊಂಡು, ಬ್ಯಾಗಿನಿಂದ ನೋಟಿನ ಕಟ್ಟು ತೆಗೆದು ವೀಳ್ಯದೆಲೆಯ ಮೇಲಿಟ್ಟು, ಮಾರುವವನಿಗೆ ಅಡ್ವಾನ್ಸ್ ಕೊಟ್ಟೇಬಿಟ್ಟರು. ಅವನು ಚೀಟಿ ಬರೆದುಕೊಟ್ಟ.

"ಸಾಕ್ಷಿಗೆ ಒಂದು ಸೈನ್ ಹಾಕಪ್ಪ" ಎಂದರು ಮಲ್ಲಾಜಮ್ಮ.

ಕಾಂತರಾಜು ಹಾಕಿದ. ಪೆನ್ನೂ ಅವನದೇ.